ಉಪ್ಪಿನ ಪ್ಯಾಕೆಟ್ ಮೇಲೆ ಇವತ್ತಿನ ತಾರೀಖು ಬರೆಯಿರಿ

ಹೃದಯದ ಕಾಯಿಲೆಗೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ. ಆಸ್ಪತ್ರೆಗಳೇನೋ ಬೇರೆ ಬೇರೆ. ಆದರೆ ಎರಡೂ ಕಾಯಿಲೆಗೆ ದಾರಿ ಮಾಡಿಕೊಡುವ ಅಭ್ಯಾಸಗಳಲ್ಲಿ ಎಷ್ಟೋ ಒಂದೇ. ವಯಸ್ಸು, ವಂಶ ನಮ್ಮ ಕೈಲಿಲ್ಲ. ಅಭ್ಯಾಸ ನಮ್ಮ ಕೈಲಿದೆ.

1. ಮೊದಲು ಹೊಗೆಸೊಪ್ಪು ಬಿಡಿ

ಬೀಡಿ, ಸಿಗರೇಟು, ಗುಟ್ಕಾ, ಎಲೆ ಅಡಿಕೆಯ ಜೊತೆಗಿನ ಕಡ್ಡಿಪುಡಿ ಎಲ್ಲವೂ ಇದರಲ್ಲಿ ಬಂತು. ‘ದಿನಕ್ಕೆ ಒಂದೇ ಸಿಗರೇಟು ಅಲ್ವಾ’ ಅನ್ನುವವರಿದ್ದಾರೆ. ದಿನಕ್ಕೆ 20 ಸೇದುವವರ ಹೃದಯಕ್ಕೆ ಎಷ್ಟು ಅಪಾಯ ಹೆಚ್ಚುತ್ತದೋ, ಒಂದೇ ಸೇದಿದರೂ ಅದರಲ್ಲಿ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಹಾಗಾಗಿ ಕಡಿಮೆ ಮಾಡುವ ಮಾತು ಬೇಡ, ಬಿಡುವ ದಿನ ಗೊತ್ತು ಮಾಡಿ. ಹಿಂದಿನ ರಾತ್ರಿಯೇ ಜೇಬು, ಗಾಡಿಯ ಡಿಕ್ಕಿ, ಹಾಸಿಗೆಯ ಅಡಿ ಹುಡುಕಿ ಎಲ್ಲವನ್ನೂ ಎಸೆಯಿರಿ. ಊಟವಾದ ಕೂಡಲೇ ಬಾಯಿ ಕೇಳುತ್ತದೆ. ಆಗ ಸೋಂಪು, ಲವಂಗ ಏನಾದರೂ ಹಾಕಿಕೊಂಡು ಒಂದು ಸುತ್ತು ನಡೆದು ಬನ್ನಿ. ಆ ಚಪಲ ಕೆಲವೇ ನಿಮಿಷದ್ದು. ಒಬ್ಬರಿಂದಲೇ ಆಗದಿದ್ದರೆ ಹೊಗೆಸೊಪ್ಪು ಬಿಡಲು ನೆರವಾಗುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ಅದು ಉಚಿತ. ಸಿಗರೇಟು ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದಯಕ್ಕೆ ಹೆಚ್ಚಿದ್ದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಅಡಿಕೆಯ ಬಗ್ಗೆ ಬರೆಯಲು ಸಂಕಟವಾಗುತ್ತದೆ. ಮಲೆನಾಡಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದರೂ ಹೇಳಲೇಬೇಕು: ಹೊಗೆಸೊಪ್ಪು ಹಾಕದೆ ಬರೀ ಅಡಿಕೆ ಜಗಿದರೂ ಬಾಯಿಯ ಕ್ಯಾನ್ಸರ್ ಬರಬಹುದು.

2. ಕನ್ನಡಿ ಮುಂದೆ ಮೂರು ಬೆರಳು

ಜಗಿಯುವ ಅಭ್ಯಾಸ ಇದ್ದವರು ತಿಂಗಳಿಗೊಮ್ಮೆ ಬೆಳಕಿನಲ್ಲಿ ಬಾಯಿ ತೆರೆದು ನೋಡಿಕೊಳ್ಳಿ. ಕೈ ತೊಳೆದು, ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಿ. ಹಿಡಿಸಬೇಕು. ಹಿಡಿಸದಿದ್ದರೆ, ಸಾರಿನ ಖಾರಕ್ಕೇ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ. ನೋವಿಲ್ಲ ಅಂತ ಸುಮ್ನೆ ಕೂರಬೇಡಿ.

3. ಉಪ್ಪಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಒಡೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಕೊಂಡು ತರುವ ಮನೆಯಲ್ಲಿ ಇನ್ನೂ ಜಾಸ್ತಿ ದಿನ ಬರಬೇಕು, ಯಾಕೆಂದರೆ ಆ ಉಪ್ಪು ಈ ಪ್ಯಾಕೆಟ್‌ನದ್ದಲ್ಲ. ತಿಂಗಳಿಗೇ ಖಾಲಿಯಾಯಿತೇ? ಮೊದಲು ಊಟದ ಎಲೆಯ ತುದಿಯ ಉಪ್ಪು ನಿಲ್ಲಿಸಿ, ಮಜ್ಜಿಗೆಗೆ ಹಾಕುವುದನ್ನು ಬಿಡಿ. ಆಮೇಲೆ ಸಾರು, ಪಲ್ಯದಲ್ಲಿ ವಾರವಾರ ಚಿಟಿಕೆ ಚಿಟಿಕೆ ಕಡಿಮೆ ಮಾಡಿ. ನಾಲಿಗೆ ಒಗ್ಗಿಕೊಳ್ಳುತ್ತದೆ.

4. ನಡಿಗೆ, ಮದ್ಯ

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮದ್ಯ ಸ್ವಲ್ಪವಾದರೂ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ, ಹಾಗಾಗಿ ‘ಇಷ್ಟು ಕುಡಿದರೆ ಪರವಾಗಿಲ್ಲ’ ಅನ್ನುವ ಅಳತೆ ಇಲ್ಲ.

5. ಬಿಪಿ ನೋಡಿಸಿ

ಬಿಪಿ ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ನೋಡಿಸುವ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಬೆನ್ನು ಆನಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಕೂತು, ಆಮೇಲೆ ತೋಳು ಕೊಡಿ. 140/90 ಅಥವಾ ಜಾಸ್ತಿ ಬಂದರೆ ಗಾಬರಿ ಬೇಡ, ಬೇರೆ ದಿನ ಮತ್ತೆ ನೋಡಿಸಿ. ಎರಡನ್ನೂ ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ವೈದ್ಯರ ಹತ್ತಿರ ಒಯ್ಯಿರಿ.