ಮಳೆಗಾಲದಲ್ಲೂ ಕೈಕೊಡದ ಕಾಲ್ಕ್ ರಿಯಾಕ್ಟರ್

ಬೆಂಗಳೂರಿನಲ್ಲಿ ಎಸ್‌ಪಿಎಸ್ (ಸಣ್ಣ ಪಾಲಿಪ್ಪಿನ ಗಟ್ಟಿ) ಹವಳದ ಟ್ಯಾಂಕನ್ನು ಬರೀ ಕಾಲ್ಕ್‌ವಾಸರ್ (ಸುಣ್ಣದ ತಿಳಿನೀರು) ನಂಬಿ ನಡೆಸಲಾಗದು, ಜೂನ್ ಬಂತೆಂದರೆ ನೀರು ಆವಿಯಾಗುವುದೇ ಇಲ್ಲ (ಆರಿದಷ್ಟೇ ಸುಣ್ಣದ ನೀರು ಹಾಕಲು ಜಾಗ), ಕೊನೆಗೆ ಟು-ಪಾರ್ಟ್ (ಕ್ಯಾಲ್ಸಿಯಂ, ಆಲ್ಕಲಿನಿಟಿ ಬೇರೆಬೇರೆ ದ್ರಾವಣ) ಬಾಟಲಿಗೇ ಬರಬೇಕು ಅಂತ ಹೇಳದವರಿಲ್ಲ. ಬರಬೇಕಾಗಿಲ್ಲ. ಸಂಪ್ (ಟ್ಯಾಂಕಿನ ಜೊತೆಗಿರುವ ಫಿಲ್ಟರ್ ತೊಟ್ಟಿ) ಸೇರಿ ಸುಮಾರು 400 ಲೀಟರ್ ನೀರು, ಅಕ್ರೋಪೊರಾ, ಮಾಂಟಿಪೊರಾ ಹವಳಗಳು ಸೇರಿ ದಿನಕ್ಕೆ 1.2 ಡಿಕೆಎಚ್ (ಆಲ್ಕಲಿನಿಟಿಯ, ಅಂದರೆ ಹವಳ ಗೂಡು ಕಟ್ಟಲು ಬಳಸುವ ಕಾರ್ಬೋನೇಟಿನ ಅಳತೆ) ಎಳೆಯುತ್ತವೆ. ಮಳೆಗಾಲ, ಬೇಸಿಗೆ ಎರಡೂ ದಾಟಿ ಆಲ್ಕಲಿನಿಟಿ 8.0ರಿಂದ 8.4ರ ಒಳಗೇ ನಿಂತಿದೆ. ಬೇಡ ಅಂದವರಲ್ಲಿ ಕೆಲವರು ಈಗ ಪೈಪಿನ ಅಳತೆ ಕೇಳುತ್ತಿದ್ದಾರೆ.

ಲೆಕ್ಕ ಮೊದಲು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಒಂದೂವರೆ ಗ್ರಾಂ ಚಿಲ್ಲರೆ ಸುಣ್ಣ ಕರಗಿಸಿಕೊಳ್ಳುತ್ತದೆ, ಅಷ್ಟೇ. ನೀರು ಬಿಸಿಯಾದರೆ ಇನ್ನೂ ಕಡಿಮೆ. ಆ ತಿಳಿನೀರಿನ ಆಲ್ಕಲಿನಿಟಿ ಸುಮಾರು 114 ಡಿಕೆಎಚ್, ಕ್ಯಾಲ್ಸಿಯಂ 800 ಪಿಪಿಎಂ ಮೇಲೆ. ನನ್ನ ಟ್ಯಾಂಕಿಗೆ ದಿನಕ್ಕೆ 480 ಡಿಕೆಎಚ್-ಲೀಟರ್ ಬೇಕು (400 × 1.2), ಅಂದರೆ ಕಾಗದದ ಮೇಲೆ 4.2 ಲೀಟರ್. ರಿಯಾಕ್ಟರ್ (ಸುಣ್ಣ ಕಲಕಿ ತಿಳಿನೀರು ಕೊಡುವ ಕೊಳವೆ) ಎಂದೂ ನೂರಕ್ಕೆ ನೂರು ಸ್ಯಾಚುರೇಟೆಡ್ (ಇನ್ನು ಸುಣ್ಣ ಕರಗದಷ್ಟು ತುಂಬಿದ) ನೀರು ಕೊಡುವುದಿಲ್ಲ, ಹಾಗಾಗಿ 4.8 ಲೀಟರ್ ಇಟ್ಟುಕೊಂಡೆ. ಮಾರ್ಚ್‌ನಲ್ಲಿ ಆರೂವರೆ ಲೀಟರ್ ಆವಿಯಾಗುತ್ತದೆ, ತೊಂದರೆಯಿಲ್ಲ. ಜುಲೈನಲ್ಲಿ ನಾಲ್ಕಕ್ಕೆ ಇಳಿಯುತ್ತದೆ. ಎಲ್ಲರೂ ಸೋಲುವುದು ಇಲ್ಲೇ.

ಇನ್ನೊಂದು ಕಡೆಯೂ ಸೋಲುತ್ತಾರೆ: ರಿಯಾಕ್ಟರನ್ನು ನೇರವಾಗಿ ಎಟಿಓಗೆ (ಆರಿದಷ್ಟು ನೀರನ್ನು ತಾನೇ ತುಂಬುವ ಸಾಧನ) ಜೋಡಿಸುವುದು. ಆಗ ಎಷ್ಟು ಸುಣ್ಣ ಹೋಗಬೇಕು ಎನ್ನುವುದನ್ನು ಹವಾಮಾನ ತೀರ್ಮಾನಿಸುತ್ತದೆ, ಹವಳ ಅಲ್ಲ. ಬೇಸಿಗೆಯಲ್ಲಿ ಡಿಕೆಎಚ್ ಏರುತ್ತದೆ, ಮಳೆಯಲ್ಲಿ ಇಳಿಯುತ್ತದೆ, ಅದರ ಫ್ಲೋಟ್ ಸ್ವಿಚ್ಚಿಗೆ ಒಂದು ಬಸವನಹುಳು ಅಂಟಿಕೊಂಡರೆ ಇಡೀ ಸಂಪ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ರಿಯಾಕ್ಟರಿಗೆ ಪೆರಿಸ್ಟಾಲ್ಟಿಕ್ ಡೋಸರ್ (ಹೋಸ್ ಹಿಂಡಿ ಅಳತೆಯಷ್ಟೇ ನೀರು ಬಿಡುವ ಪಂಪು) ಬೇರೆ, ದಿನವೂ ಅಷ್ಟೇ ಪ್ರಮಾಣ. ಉಳಿದ ಆವಿಗೆ ಎಟಿಓ ಬರೀ ಆರ್‌ಓ ನೀರು ಹಾಕುತ್ತದೆ. ಮಳೆಗಾಲಕ್ಕೆ ಸಂಪ್ ಮೇಲೆ 12 ಸೆಂ.ಮೀ.ನ ಎರಡು ಕಂಪ್ಯೂಟರ್ ಫ್ಯಾನು. ಒಂದೂವರೆ ಲೀಟರ್ ಹೆಚ್ಚು ಆರುತ್ತದೆ, ಹೀಟರ್ ಸ್ವಲ್ಪ ಜಾಸ್ತಿ ಓಡುತ್ತದೆ, ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ ನೂರೈವತ್ತು ಇನ್ನೂರು ರೂಪಾಯಿ ವ್ಯತ್ಯಾಸ. ವಾರಕ್ಕೊಮ್ಮೆ ರಿಫ್ರ್ಯಾಕ್ಟೋಮೀಟರಿನಲ್ಲಿ ಉಪ್ಪಿನಂಶ ನೋಡಿ: 35 ಪಿಪಿಟಿಯಿಂದ ಇಳಿಯುತ್ತಿದ್ದರೆ ಆರುವುದಕ್ಕಿಂತ ಹಾಕುವುದು ಹೆಚ್ಚಾಗಿದೆ, ಫ್ಯಾನಿನ ವೇಗ ಏರಿಸಿ. ಮಂಗಳೂರು, ಉಡುಪಿಯ ತೇವಕ್ಕೆ ಎರಡು ಫ್ಯಾನು ಸಾಲುತ್ತದೆಂದು ನಾನು ಮಾತು ಕೊಡಲಾರೆ. ಅಲ್ಲಿ ಎಸಿ ರೂಮಿದ್ದರೆ ಕೈ ಹಾಕಿ.

ರಿಯಾಕ್ಟರ್ ಮನೆಯಲ್ಲೇ ಮಾಡಿದ್ದು. ಆಮದು ಮಾಲಿಗೆ ಇಪ್ಪತ್ತು ಸಾವಿರದ ಆಚೀಚೆ ಕೇಳುತ್ತಿದ್ದರು. ಇದಕ್ಕೆ ಡೋಸರ್ ಸೇರಿ ಐದೂವರೆ ಸಾವಿರದಷ್ಟು ಬಿದ್ದಿರಬೇಕು, ಅದರಲ್ಲಿ ಅರ್ಧ ಅಕ್ರಿಲಿಕ್ ಕೊಳವೆಗೇ ಹೋಯಿತು. ಆರು ಇಂಚು ವ್ಯಾಸ, ಒಂದೂವರೆ ಅಡಿ ಎತ್ತರ, ಒಳಗೆ ಏಳು ಲೀಟರ್ ಹಿಡಿಯುತ್ತದೆ. ಕಲಕಲು ಮೊದಲು ಹಾಕಿದ್ದು ಸಣ್ಣ ಸಬ್‌ಮರ್ಸಿಬಲ್ ಪಂಪು. ಸುಣ್ಣದ ಹರಳು ಇಂಪೆಲ್ಲರ್ ಸಂದಿಗೆ ಹೊಕ್ಕು ತಿಂಗಳು ತುಂಬುವ ಮುಂಚೆ ಜಾಮ್. ಆಮೇಲೆ ಮ್ಯಾಗ್ನೆಟಿಕ್ ಸ್ಟಿರರ್: ಗಸಿ ಗಟ್ಟಿಯಾದ ರಾತ್ರಿ ಬಾರ್ ಜಾಗ ಬಿಟ್ಟು ಮೂಲೆ ಸೇರುತ್ತದೆ, ಕೆಳಗೆ ಮೋಟಾರ್ ಸುಮ್ಮನೆ ತಿರುಗುತ್ತಿರುತ್ತದೆ, ನಿಮಗೆ ಗೊತ್ತಾಗುವುದು ಡಿಕೆಎಚ್ ಬಿದ್ದ ಮೇಲೆ. ಈಗಿರುವುದು ಎಸ್‌.ಪಿ. ರೋಡಿನಲ್ಲಿ ಸಿಗುವ 12 ವೋಲ್ಟಿನ ಗೇರ್ ಮೋಟಾರ್, 10 ಆರ್‌ಪಿಎಂ, ಮುನ್ನೂರು ಮುನ್ನೂರೈವತ್ತು ರೂಪಾಯಿ. ಮುಚ್ಚಳದ ಮೇಲೆ ಕೂರುತ್ತದೆ. ಅದರಿಂದ 8 ಮಿ.ಮೀ. ಅಕ್ರಿಲಿಕ್ ಕಡ್ಡಿ ಇಳಿದು, ತುದಿಗೆ ಪ್ಯಾಡಲ್.

ಕಡ್ಡಿ ಇಳಿಯುವ ತೂತೇ ಮುಖ್ಯ ಶತ್ರು. ಅಲ್ಲಿಂದ ಗಾಳಿ ಹೊಕ್ಕರೆ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಕಾರ್ಬೋನೇಟ್ ಮಾಡಿ ನೀರಿನ ಮೇಲೆ ಕೆನೆ ಕಟ್ಟಿಸುತ್ತದೆ. ಅದಕ್ಕೆ ಮುಚ್ಚಳದಿಂದ ತಳದ ಮೇಲೆ 5 ಸೆಂ.ಮೀ.ವರೆಗೆ ಒಂದೂಕಾಲು ಇಂಚಿನ ಪಿವಿಸಿ ಪೈಪ್ ಇಳಿಬಿಟ್ಟು, ಕಡ್ಡಿಯನ್ನು ಅದರೊಳಗೆ ಹಾಯಿಸಿದೆ. ಡೋಸರಿನ ನೀರೂ ಇದೇ ಪೈಪಿನ ಬಾಯಿಗೆ ಮೇಲಿಂದ ಹನಿಯುತ್ತದೆ, ತಳಕ್ಕೆ ಹೋಗಿ ಸುಣ್ಣದ ಪದರ ಹಾಯ್ದು ಏರಿ, ಪಕ್ಕದ ಮೇಲ್ತೂತಿನಿಂದ ತನ್ನ ಭಾರಕ್ಕೇ ಸಂಪಿಗೆ ಹರಿಯುತ್ತದೆ. ಇದರಲ್ಲಿ ಮೂರು ಲಾಭ. ಗಾಳಿಗೆ ತೆರೆದಿರುವುದು ಪೈಪಿನೊಳಗಿನ ಅಂಗೈಗಿಂತ ಚಿಕ್ಕ ಜಾಗ, ಅದರಲ್ಲೂ ಇರುವುದು ಹೆಚ್ಚೂಕಡಿಮೆ ಸಾದಾ ಆರ್‌ಓ ನೀರು. ಡೋಸರ್ ಹೋಸ್ ಸವೆದರೂ ಸುಣ್ಣದ ನೀರು ಹಿಂದಕ್ಕೆ ಸೈಫನ್ ಆಗದು. ರೀಫಿಲ್ ಮಾಡಲು ಮುಚ್ಚಳ ಬಿಚ್ಚುವುದೂ ಬೇಡ. ಹೊರದಾರಿಗಿಂತ ಪೈಪಿನ ಬಾಯಿ ಕನಿಷ್ಠ ಐದಾರು ಸೆಂ.ಮೀ. ಎತ್ತರವಿರಲಿ. ಇಲ್ಲದಿದ್ದರೆ ಹೊರದಾರಿ ಸ್ವಲ್ಪ ಕಟ್ಟಿಕೊಂಡರೂ ನೀರು ಅಲ್ಲೇ ಉಕ್ಕುತ್ತದೆ. ಪ್ಯಾಡಲ್ ಆಕಾರ, ಕೋನ ಮಾತ್ರ ಕೇಳಬೇಡಿ. ತಳದ ಸುಣ್ಣ ಏಳಬೇಕು, ಮೇಲಿನ ಅರ್ಧ ಕದಡಬಾರದು, ಅಷ್ಟು ಸುಳಿವು ಸಾಕು.

ಡೋಸಿಂಗ್ ರಾತ್ರಿ 9ರಿಂದ ಬೆಳಗ್ಗೆ 9, ಕಾಲು ಗಂಟೆಗೊಮ್ಮೆ 110 ಮಿ.ಲೀ. ಲೈಟ್ ಆರಿದಾಗ ಬೀಳುವ ಪಿಎಚ್ ಇದರಿಂದ ಬೀಳುವುದಿಲ್ಲ: ನಸುಕಿನಲ್ಲಿ 7.9 ತೋರಿಸುತ್ತಿದ್ದ ಮೀಟರ್ ಈಗ 8.2ಕ್ಕಿಂತ ಕೆಳಗಿಳಿಯದು. ಕಲಕುವುದು ಮಧ್ಯಾಹ್ನ, ಸಂಜೆ 7, ರಾತ್ರಿ 1, ಪ್ರತಿ ಸಲ ಐದು ನಿಮಿಷ. ರಾತ್ರಿಯದಾದ ಮೇಲೆ ಒಂದು ಗಂಟೆ ಡೋಸಿಂಗ್ ನಿಲ್ಲಬೇಕು, ಗಸಿ ಕೂರಬೇಕು. ಬಗ್ಗಡ ಟ್ಯಾಂಕಿಗೆ ಹೋಗಲೇಬಾರದು. ಸುಣ್ಣದಲ್ಲಿರುವ ಮೆಗ್ನೀಸಿಯಂ, ತಾಮ್ರದಂಥ ಕಲ್ಮಶ ಆ ಪಿಎಚ್‌ನಲ್ಲಿ ತಳಕ್ಕಿಳಿದು ಗಸಿಯಲ್ಲೇ ಉಳಿಯುತ್ತದೆ. ಕದಡಿದ ನೀರು ಬಿಟ್ಟರೆ ಅದೆಲ್ಲ ಹವಳಕ್ಕೆ.

ರೀಫಿಲ್ ವಾರಕ್ಕೊಮ್ಮೆ. ವಾರದ 34 ಲೀಟರಿಗೆ 54 ಗ್ರಾಂ ಸುಣ್ಣದ ಲೆಕ್ಕ, ಕಾರ್ಬೋನೇಟ್ ಆಗಿ ಹಾಳಾಗುವುದನ್ನು ಸೇರಿಸಿ 65 ಗ್ರಾಂ. ತಿಂಗಳಿಗಾಗುವಷ್ಟು ಒಮ್ಮೆಗೇ ಸುರಿಯುವ ಆಸೆ ಬೇಡ. ತಳದಲ್ಲಿ ಇಟ್ಟಿಗೆಯಂತೆ ಕೂತು ಪ್ಯಾಡಲ್ ಮುರಿಯುತ್ತದೆ. ಬೆಳಗ್ಗೆ ಡೋಸಿಂಗ್ ಮುಗಿದ ಮೇಲೆ ಶುರುಮಾಡಿ. ಡ್ರೈನ್ ನಲ್ಲಿಯಿಂದ ಒಂದು ಲೀಟರ್ ತೆಗೆಯಿರಿ. ಇದನ್ನು ಬಿಟ್ಟರೆ ಮುಂದೆ ಸುರಿಯುವ ಅಷ್ಟೂ ನೀರು ಮೇಲಿನಿಂದ ಬಗ್ಗಡವನ್ನು ತಳ್ಳಿಕೊಂಡು ಸಂಪಿಗೆ ಹೋಗುತ್ತದೆ. ಅಗಲ ಬಾಯಿಯ ಬಾಟಲಿಗೆ 600 ಮಿ.ಲೀ. ಆರ್‌ಓ ನೀರು ಮೊದಲು, ಪುಡಿ ಆಮೇಲೆ, ಮುಚ್ಚಿ ಅಲುಗಿಸಿ, ಫನಲ್ ಇಟ್ಟು ಪೈಪಿನ ಬಾಯಿಗೆ. ಬಾಟಲಿ ತೊಳೆದ ನೀರೂ ಅಲ್ಲಿಗೇ. ಹತ್ತು ನಿಮಿಷ ಕಲಕಿ, ಸಂಜೆಯವರೆಗೆ ಮುಟ್ಟಬೇಡಿ. ಗ್ಲೌಸ್, ಕನ್ನಡಕ, ಮಾಸ್ಕ್ ಹಾಕಿಯೇ ಮಾಡಿ. ಪಿಎಚ್ 12.4ರ ನೀರು ಕಣ್ಣಿಗೆ ಸಿಡಿದರೆ ಕಾಲು ಗಂಟೆ ನಲ್ಲಿ ನೀರು ಬಿಟ್ಟುಕೊಂಡು ನೇರ ಡಾಕ್ಟರ ಹತ್ತಿರ.

ತಳದಲ್ಲಿ ಬೆಳ್ಳಗೆ ಕಾಣುತ್ತಿದೆ ಅಂದಮಾತ್ರಕ್ಕೆ ಸುಣ್ಣ ಇದೆ ಅಂತಲ್ಲ. ಹೊರದಾರಿಯ ತಿಳಿನೀರು 10 ಮಿ.ಲೀ.ಗೆ ಆರ್‌ಓ ನೀರು ಸೇರಿಸಿ 100 ಮಾಡಿ, ಮಾಮೂಲಿ ಆಲ್ಕಲಿನಿಟಿ ಕಿಟ್‌ನಲ್ಲಿ ನೋಡಿ. 11ರ ಮೇಲೆ ಬಂದರೆ ಚೆನ್ನಾಗಿದೆ, 9.5ಕ್ಕೆ ಇಳಿದರೆ ವಾರ ತುಂಬದಿದ್ದರೂ ಪುಡಿ ಹಾಕಿ. ಅಗ್ಗದ ಕಂಡಕ್ಟಿವಿಟಿ ಪೆನ್ನು ಇದಕ್ಕೆ ಆಗದು: ಸ್ಯಾಚುರೇಟೆಡ್ ನೀರು 10.3 ಮಿಲಿಸೀಮೆನ್ಸ್ ಬರುತ್ತದೆ, ಪೆನ್ನು 9.99ಕ್ಕೇ ಕೈಚೆಲ್ಲುತ್ತದೆ. ಗಸಿಯ ಪರೀಕ್ಷೆಗೆ ಒಂದು ಚಮಚ ಗಸಿಗೆ ವಿನೆಗರ್ ಹಾಕಿ. ನೊರೆಗುಟ್ಟಿ ಉಕ್ಕಿದರೆ ಅದು ಕಾರ್ಬೋನೇಟ್, ಸತ್ತ ಮಾಲು. ಸದ್ದಿಲ್ಲದೆ ಕರಗಿದರೆ ಸುಣ್ಣ ಇನ್ನೂ ಜೀವಂತ.

ಗಸಿ ಬೇಗ ಸಾಯುತ್ತಿದ್ದರೆ ನೀರನ್ನೂ ಅನುಮಾನಿಸಿ. ಬೋರ್‌ವೆಲ್ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುತ್ತದೆ, ಆರ್‌ಓ ಮೆಂಬ್ರೇನ್ ಅದನ್ನು ತಡೆಯುವುದಿಲ್ಲ. ಟಿಡಿಎಸ್ ಸೊನ್ನೆ ಇದ್ದರೂ ರಿಯಾಕ್ಟರ್ ಒಳಗೆ ಸುಣ್ಣ ತಿನ್ನುತ್ತದೆ. ಆರ್‌ಓ ಡ್ರಮ್ಮಿಗೆ ಒಂದು ಏರ್ ಸ್ಟೋನ್ ಹಾಕಿ ರಾತ್ರಿಯಿಡೀ ಗುಳ್ಳೆ ಬಿಟ್ಟ ನೀರು ಕೊಟ್ಟಾಗ ವಾರದ ಪುಡಿಯಲ್ಲಿ ಹತ್ತು ಗ್ರಾಂ ಹತ್ತಿರ ಉಳಿಯಿತು. ಡಿಐ ರೆಸಿನ್ (ಮೆಂಬ್ರೇನ್ ದಾಟಿ ಬಂದ ಲವಣ ಹಿಡಿಯುವ ಹರಳು) ಕೂಡ ಹೆಚ್ಚು ಬಾಳಲಿ ಎಂದರೆ ಗುಳ್ಳೆ ಬಿಡುವುದು ಮೆಂಬ್ರೇನ್ ಆದ ಮೇಲೆ, ರೆಸಿನ್‌ಗೆ ಮುಂಚೆ.

ಪುಡಿ ಯಾವುದು? ಲ್ಯಾಬ್ ಕೆಮಿಕಲ್ ಅಂಗಡಿಯ ಎಲ್‌ಆರ್ ಗ್ರೇಡ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅರ್ಧ ಕೆಜಿ ಇನ್ನೂರೈವತ್ತು ಮುನ್ನೂರು ರೂಪಾಯಿ. ತಿಂಗಳಿಗೆ ನೂರೈವತ್ತು ನೂರೆಪ್ಪತ್ತಕ್ಕೆ ಮುಗಿಯುತ್ತದೆ. ಟು-ಪಾರ್ಟ್‌ಗೆ ಇದೇ ಟ್ಯಾಂಕು ಸಾವಿರದ ಮೇಲೆ ತಿನ್ನುತ್ತಿತ್ತು. ಕರಾವಳಿಯ ಚಿಪ್ಪಿನ ಸುಣ್ಣವನ್ನೂ ಜಾಡಿಯಲ್ಲಿ ಪರೀಕ್ಷಿಸಿದ್ದೇನೆ. ತಿಳಿನೀರು ಬಲವಾಗಿಯೇ ಬರುತ್ತದೆ, ಆದರೆ ಸುಡದ ಚಿಪ್ಪಿನ ಚೂರು, ಬೂದಿ ಸೇರಿ ಗಸಿ ವಿಪರೀತ. ಎಲೆ ಅಡಿಕೆಯ ಡಬ್ಬಿ ಸುಣ್ಣದಲ್ಲಿ ಏನೇನು ಬೆರೆಸಿರುತ್ತಾರೋ, ಟ್ಯಾಂಕಿನ ಹತ್ತಿರ ತರಬೇಡಿ. ಸುಟ್ಟ ಹರಳು ಸುಣ್ಣ ನೀರು ಸೋಕಿದರೆ ಕುದಿಯುತ್ತದೆ, ಅಕ್ರಿಲಿಕ್ ಸೀಳುತ್ತದೆ. ಲೀಟರಿಗೆ 12 ಮಿ.ಲೀ. ವಿನೆಗರ್ ಸೇರಿಸಿದರೆ ಹೆಚ್ಚು ಸುಣ್ಣ ಕರಗುತ್ತದೆ ಎನ್ನುವುದು ನಿಜ. ಆದರೆ ಅದು ಕ್ಯಾನಿನಲ್ಲಿ ಕಲಸಿ ತಿಳಿ ಹಾಕುವವರಿಗೆ ಸರಿ. ರಿಯಾಕ್ಟರಿನಲ್ಲಿ ಅಳತೆ ಹಿಡಿತದಲ್ಲಿರದು, ಸಂಪಿನ ಪೈಪುಗಳಿಗೆಲ್ಲ ಬ್ಯಾಕ್ಟೀರಿಯಾದ ಲೋಳೆ ಹಿಡಿದು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಕಪ್ ದಿನಕ್ಕೆರಡು ಸಲ ತುಂಬುತ್ತದೆ.

ಅನಾಹುತಕ್ಕೆ ಮಿತಿ ಹಾಕುವುದು ಹೀಗೆ. ಡೋಸರ್ ಹೀರುವ ಕ್ಯಾನ್ ಬೇರೆ, 6 ಲೀಟರಿನದು, ದಿನವೂ ಗೆರೆವರೆಗೆ ತುಂಬುವುದು. ಡೋಸರ್ ಹುಚ್ಚು ಹಿಡಿದು ಓಡಿದರೂ ಆರು ಲೀಟರಿಗೆ ನಿಲ್ಲುತ್ತದೆ. 20 ಲೀಟರ್ ಡ್ರಮ್ಮಿಗೆ ಜೋಡಿಸಿದ್ದರೆ ಆಶೆ ಬಿಡಬೇಕಿತ್ತು. ಬೆಳಗ್ಗೆ ಕ್ಯಾನಿನಲ್ಲಿ ಎಷ್ಟು ಉಳಿದಿದೆ ನೋಡಿದರೆ ಹೋಸ್ ಸವೆದಿದ್ದೂ ತಿಳಿಯುತ್ತದೆ. ಅಂಥ ಓವರ್‌ಡೋಸ್ ಆಗಿ ನೀರು ಬೆಳ್ಳಗಾದರೆ ಗಾಬರಿಯಲ್ಲಿ ಆಸಿಡ್ ಸುರಿಯಬೇಡಿ. ಡೋಸರ್ ನಿಲ್ಲಿಸಿ, ಸ್ಕಿಮ್ಮರಿಗೆ ಚೆನ್ನಾಗಿ ಗಾಳಿ ಕೊಡಿ, ಪಿಎಚ್ ತಾನಾಗಿ ಇಳಿಯುತ್ತದೆ. ಡೋಸರನ್ನು ರಿಟರ್ನ್ ಪಂಪಿನ (ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಪಂಪು) ಕರೆಂಟ್ ಲೈನಿಗೇ ಹಾಕಿ, ಬೇರೆ ಇನ್ವರ್ಟರ್ ಪಾಯಿಂಟಿಗಲ್ಲ. ಕರೆಂಟ್ ಹೋಗಿ ಪಂಪ್ ನಿಂತು ಡೋಸರ್ ಮಾತ್ರ ಓಡಿದರೆ ನಿಂತ ಸಂಪಿನಲ್ಲೇ ಸುಣ್ಣವೆಲ್ಲ ಚಕ್ಕೆಗಟ್ಟುತ್ತದೆ.

ಹೊರದಾರಿ ಟ್ಯೂಬಿನ ತುದಿ ಸಂಪಿನ ನೀರಿಗಿಂತ ಮೂರ್ನಾಲ್ಕು ಸೆಂ.ಮೀ. ಮೇಲಿರಲಿ, ಹರಿವು ಜೋರಿರುವ ಕಡೆ ಬೀಳಲಿ, ಹೀಟರ್ ಮತ್ತು ಪಂಪಿನ ಬಾಯಿಯಿಂದ ದೂರ. ತುದಿಗೆ ಕಟ್ಟುವ ಬಿಳಿ ಚಕ್ಕೆಯನ್ನು ವಾರಕ್ಕೊಮ್ಮೆ ಹಿಸುಕಿ ಉದುರಿಸಬೇಕು. ಕಟ್ಟದಂತೆ ಮಾಡುವ ಉಪಾಯವೂ ಒಂದಿದೆ, ಸದ್ಯಕ್ಕೆ ನನ್ನಲ್ಲೇ ಇರಲಿ. ನಾಲ್ಕು ರೀಫಿಲ್‌ಗೊಮ್ಮೆ ರಿಯಾಕ್ಟರ್ ಪೂರ್ತಿ ಬರಿದು ಮಾಡಿ, ಗಸಿ ಚೆಲ್ಲಿ, ಒಂದಕ್ಕೆ ಒಂದು ನೀರು ಬೆರೆಸಿದ ಬಿಳಿ ವಿನೆಗರ್ ತುಂಬಿ ಮೋಟಾರ್ ಓಡಲು ಬಿಡಿ. ಎರಡು ಗಂಟೆಯಲ್ಲಿ ಗಾಜಿನಂತಾಗುತ್ತದೆ. ಎರಡು ಸಲ ಆರ್‌ಓ ನೀರಿನಲ್ಲಿ ತೊಳೆದು, ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ, ಈ ಸಲ ಮಾತ್ರ 65ರ ಬದಲು 80 ಗ್ರಾಂ ಹಾಕಿ. ಏಳು ಲೀಟರ್ ಹೊಸ ನೀರಿಗೇ ಹತ್ತು ಹನ್ನೊಂದು ಗ್ರಾಂ ಹೋಗುತ್ತದೆ.