ಹುಮ್ಮಸ್ಸು ಇಳಿದ ಮೇಲೂ ಕೆಲಸ ಸಾಗಬೇಕಾದರೆ

ಹೊಸ ಕೆಲಸ ಹಿಡಿದ ಮೊದಲ ವಾರ ಹುಮ್ಮಸ್ಸಿಗೆ ಕೊರತೆ ಇರುವುದಿಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಅದು ಇಳಿಯುತ್ತದೆ, ಏಕೆಂದರೆ ಹೊಸತನ ಮುಗಿದಿರುತ್ತದೆ, ಫಲ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ. ಇದನ್ನೇ ಸೋಮಾರಿತನ ಅಂದುಕೊಂಡು ಕೆಲಸ ಕೈಬಿಡುವವರು ಬಹಳ. ನಿಮ್ಮನ್ನು ನೀವೇ ಬೈದುಕೊಳ್ಳುವ ಮೊದಲು ಯಾವುದು ಕಡಿಮೆಯಾಗಿದೆ ಎಂದು ಹುಡುಕಿ.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಮೂರು ಅಗತ್ಯಗಳು ಈ ಹುಡುಕಾಟಕ್ಕೆ ಸಾಕು: ಇದು ನನ್ನದೇ ಆಯ್ಕೆ, ಇದು ನನ್ನಿಂದ ಆಗುತ್ತದೆ, ನನ್ನ ಜೊತೆ ಜನ ಇದ್ದಾರೆ. ಹಾಳೆಯ ಮೇಲೆ ಮೂರನ್ನೂ ಬರೆದು ಪ್ರತಿಯೊಂದಕ್ಕೂ ಹತ್ತಕ್ಕೆ ಎಷ್ಟು ಎಂದು ಅಂಕ ಕೊಡಿ. ಅತಿ ಕಡಿಮೆ ಬಂದದ್ದನ್ನು ಮೊದಲು ಸರಿಪಡಿಸಿ.

ಆಯ್ಕೆಗೆ ಅಂಕ ಕಡಿಮೆಯಿದ್ದರೆ, ಯಾರೂ ಕೇಳದಿದ್ದರೂ ಇದನ್ನು ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಎನ್ನುವುದಾದರೆ ನಿಮ್ಮದೇ ಆದ ಒಂದು ಕಾರಣ ಹುಡುಕಿ; ಕೊನೆಪಕ್ಷ ವೇಳೆ, ಕ್ರಮ, ವಿಧಾನ ನಿಮ್ಮ ಕೈಯಲ್ಲಿರಲಿ. ಒಂದೂ ಕಾರಣ ಸಿಗದ, ಬಿಟ್ಟರೂ ನಷ್ಟವಿಲ್ಲದ ಕೆಲಸವನ್ನು ಬಿಟ್ಟುಬಿಡುವುದೇ ಸರಿ. ಜೊತೆ ಇಲ್ಲದಿದ್ದರೆ, ಮಾಡಿದ್ದನ್ನು ವಾರಕ್ಕೊಮ್ಮೆ ಒಬ್ಬರಿಗೆ ತೋರಿಸುವ ಏರ್ಪಾಡು ಮಾಡಿಕೊಳ್ಳಿ.

'ನನ್ನಿಂದ ಆಗದು' ಎನ್ನಿಸುವುದರ ಹಿಂದೆ ಸಾಮಾನ್ಯವಾಗಿ ಕೆಲಸದ ಗಾತ್ರವೇ ಇರುತ್ತದೆ. 'ಭಾಷೆ ಕಲಿಯುವುದು' ಎಂದರೆ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ತಿಳಿಯುವುದಿಲ್ಲ. 'ಇಂದಿನ ಪಾಠದ ಐದು ವಾಕ್ಯಗಳನ್ನು ಪುಸ್ತಕ ಮುಚ್ಚಿ ಬರೆಯುವುದು' ಎಂದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಗಿದದ್ದು ಗೊತ್ತೂ ಆಗುತ್ತದೆ. ಹುರುಪು ಮರಳುವುದು ಹೀಗೆ ಮುಗಿಸಿದ ಕೆಲಸದಿಂದಲೇ. ಹುರುಪು ಬರಲಿ ಎಂದು ಕಾದು ಕೂತರೆ ಶುರುವೇ ಆಗುವುದಿಲ್ಲ.

ಇನ್ನು ವೇಳೆ. 'ಸಮಯ ಸಿಕ್ಕಾಗ ಓದುತ್ತೇನೆ' ಎಂಬ ಯೋಜನೆ ಸೋಲುವುದು, ಪ್ರತಿದಿನ ಹೊಸದಾಗಿ ತೀರ್ಮಾನಿಸಬೇಕಾದ್ದರಿಂದ. ದಣಿದ ಹೊತ್ತಿನಲ್ಲಿ ಆ ತೀರ್ಮಾನ ನಾಳೆಗೇ ಹೋಗುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆ ತೋರಿಸಿದ ದಾರಿ ಸುಲಭ: ಹೇಗೂ ನಡೆಯುವ ಒಂದು ಘಟನೆಗೆ ಕೆಲಸವನ್ನು ಕಟ್ಟಿಹಾಕಿ. 'ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಬಳಿ ಕೂತು ಪಾಠ ತೆರೆಯುತ್ತೇನೆ.' ಅಡ್ಡಿಗೂ ಇಂಥದ್ದೇ ವಾಕ್ಯ ಬರೆದಿಡಿ: 'ತಡವಾಗಿ ಮನೆಗೆ ಬಂದರೆ, ಮಲಗುವ ಮುನ್ನ ಐದು ನಿಮಿಷ ಮಾತ್ರ.'

ಆ ಐದು ನಿಮಿಷ ಬಹಳ ಮುಖ್ಯ. ಪ್ರತಿ ಕೆಲಸಕ್ಕೂ ಎರಡು ಅಳತೆ ಇಟ್ಟುಕೊಳ್ಳಿ, ಮಾಮೂಲಿ ದಿನಕ್ಕೆ ಮೂವತ್ತು ನಿಮಿಷ, ಕೆಟ್ಟ ದಿನಕ್ಕೆ ಐದು. ಮೊದಲ ತಿಂಗಳು ಮೇಲಿನ ಮಿತಿಯೂ ಇರಲಿ: ಎಷ್ಟೇ ಉತ್ಸಾಹವಿದ್ದರೂ ನಲವತ್ತೈದಕ್ಕೆ ಎದ್ದುಬಿಡಿ. ಒಂದು ದಿನ ಮೂರು ಗಂಟೆ ಕೂತರೆ ಮರುದಿನ ಅದೇ ಅಳತೆಗೋಲಾಗಿ, ಅರ್ಧ ಗಂಟೆ ಏನೂ ಅಲ್ಲ ಎನ್ನಿಸತೊಡಗುತ್ತದೆ.

21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ 22ನೇ ದಿನ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸವಾಗಲು ಹಿಡಿದ ಕಾಲದ ಮಧ್ಯದ ಲೆಕ್ಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು. ವ್ಯತ್ಯಾಸ 18ರಿಂದ 254 ದಿನಗಳವರೆಗೂ ಇತ್ತು. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ. ಹಾಗಾಗಿ ತಪ್ಪಿದ ದಿನದ್ದನ್ನು ಮರುದಿನಕ್ಕೆ ಸೇರಿಸಿ ದುಪ್ಪಟ್ಟು ಮಾಡಲು ಹೋಗಬೇಡಿ, ಐದು ನಿಮಿಷದಿಂದ ಮತ್ತೆ ಹಿಡಿಯಿರಿ.

ಬಹುಮಾನದ ವಿಷಯದಲ್ಲಿ ಎಚ್ಚರವಿರಲಿ. 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಿಗೆ ಮೊದಲೇ ಹೇಳಿ ಬಹುಮಾನ ಕೊಟ್ಟಾಗ, ಮುಂದೆ ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆದ್ದರಿಂದ ಇಷ್ಟದ ಕೆಲಸಕ್ಕೆ ಬಹುಮಾನ ಗೊತ್ತುಮಾಡಬೇಡಿ. ಲೆಕ್ಕ ಬರೆಯುವಂಥ ಬೇಸರದ ಕೆಲಸಕ್ಕೆ ಧಾರಾಳವಾಗಿ ಇಟ್ಟುಕೊಳ್ಳಿ.

ದಿನವೂ ಮನಸ್ಸು ಹೇಗಿತ್ತು ಎಂದು ಬರೆಯುವ ಬದಲು ಕೆಲಸ ಆಯಿತೇ ಇಲ್ಲವೇ ಎಂದಷ್ಟೇ ಗುರುತು ಹಾಕಿ. ವಾರಕ್ಕೊಮ್ಮೆ ಹತ್ತು ನಿಮಿಷ ಅದನ್ನು ನೋಡಿ, ತಪ್ಪಿದ ದಿನಗಳಲ್ಲಿ ಸಮಾನವಾದದ್ದೇನು ಎಂದು ಹುಡುಕಿ, ಒಂದನ್ನು ಮಾತ್ರ ಬದಲಿಸಿ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯದು.

ಆದರೆ ಈ ಒಂದು ಕೆಲಸವಷ್ಟೇ ಅಲ್ಲ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ, ಹಸಿವು ಏರುಪೇರಾಗಿವೆ, ಎರಡು ವಾರ ಕಳೆದರೂ ಹಾಗೇ ಇದೆ ಎಂದಾದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಆಗ ಈ ಉಪಾಯಗಳನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ.