ಪ್ರವಾಸಕ್ಕೆ ಹೊರಡುವ ಮುನ್ನ ಬರವಣಿಗೆ ಕಟ್ಟಿಡುವ ಬಗೆ

ಮನೆಯವರ ಜೊತೆ ಊರು ಸುತ್ತಲು ಹೊರಟಾಗ ಬರೆಯುವವರು ಹೆಚ್ಚಾಗಿ ಹಾಕುವುದು ಅರ್ಧ ರಜೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿರುತ್ತದೆ. ಎಲ್ಲರೂ ಮಲಗಿದ ಮೇಲೆ ಒಂದು ಪುಟ ಬರೆದರಾಯಿತು ಎಂಬ ಲೆಕ್ಕವೂ ಇರುತ್ತದೆ. ನಾಲ್ಕು ಜನ ಮಲಗಿರುವ ಲಾಡ್ಜ್ ರೂಮಿನಲ್ಲಿ ಲೈಟು ಹಾಕಿಕೊಂಡು ಯಾರೂ ಕಾದಂಬರಿ ಬರೆಯಲಾರರು. ಬರೆಯಲಾಗಲಿಲ್ಲವಲ್ಲ ಎಂಬ ಕಿರಿಕಿರಿ ಮರುದಿನ ಮಕ್ಕಳ ಮೇಲೆ ಹಾಯುತ್ತದೆ. ಆದ್ದರಿಂದ ಮೊದಲೇ ಒಂದು ಕಡೆ ನಿಲ್ಲಿ: ಒಂದೋ ಪೂರ್ತಿ ರಜೆ, ಇಲ್ಲವೇ ದಿನಕ್ಕೆ ಇಂತಿಷ್ಟೇ ಹೊತ್ತು. ಒಂದು ವಾರದೊಳಗಿನ ಪ್ರವಾಸವಾದರೆ ಪೂರ್ತಿ ರಜೆಯೇ ವಾಸಿ, ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ.

ಈ ರಜೆಯ ಕೆಲಸವೆಲ್ಲ ಇರುವುದು ಹೊರಡುವ ಮೊದಲಿನ ಎರಡು ವಾರಗಳಲ್ಲಿ.

ಅಂಕಣ ಬರೆಯುವವರು ಸಂಪಾದಕರಿಗೆ ದಿನಾಂಕ ಸಮೇತ ತಿಳಿಸಬೇಕು: ಯಾವ ಸಂಚಿಕೆಗೆ ಮುಂಗಡವಾಗಿ ಬರಹ ಕೊಡುತ್ತೀರಿ, ಯಾವ ಸಂಚಿಕೆಗೆ ಕೊಡುವುದಿಲ್ಲ. ‘ಸಾಧ್ಯವಾದ್ರೆ ಅಲ್ಲಿಂದಲೇ ಕಳಿಸ್ತೀನಿ’ ಅನ್ನಬೇಡಿ, ಪುಟ ಕಟ್ಟುವವರಿಗೆ ಇದಕ್ಕಿಂತ ತಲೆನೋವಿನ ಮಾತಿಲ್ಲ. ಮುಂಗಡ ಬರಹಕ್ಕೆ ಸುದ್ದಿಗೆ ಅಂಟಿಕೊಂಡ ವಿಷಯ ಬೇಡ, ಹತ್ತು ದಿನದಲ್ಲಿ ಹಳಸುತ್ತದೆ. ದಸರಾ ರಜೆಯಲ್ಲಿ ಹೊರಡುವವರು ಇನ್ನೊಂದು ನೆನಪಿಡಬೇಕು. ದೀಪಾವಳಿ ವಿಶೇಷಾಂಕಗಳ ಪುಟ ಸಿದ್ಧವಾಗುವುದೂ ಅದೇ ಹೊತ್ತಿಗೆ. ಕಥೆ ಕೊಟ್ಟಿದ್ದರೆ ಕರಡು ತಿದ್ದಲು ಬರಬಹುದು. ಅದನ್ನು ನೋಡಿಕೊಡುವ ಒಬ್ಬ ಗೆಳೆಯರನ್ನು ಗೊತ್ತುಮಾಡಿ, ಅವರ ನಂಬರನ್ನು ಪತ್ರಿಕೆಗೆ ಕೊಟ್ಟು ಹೋಗಿ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಕರಡು ತಿದ್ದಿದರೆ ಒತ್ತಕ್ಷರದ ತಪ್ಪು ಕಣ್ಣಿಗೇ ಬೀಳುವುದಿಲ್ಲ.

ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಪ್ರವಾಸದ ನಡುವೆ ಯಾರಾದರೂ ಕೇಳಿದರೆ ಕೈ ಕಟ್ಟಿದ ಹಾಗೆ. ಹೊರಡುವ ಮೊದಲೇ ಫೋನಿನಲ್ಲೂ ಓದಲು ಬರುವ ಯುನಿಕೋಡ್‌ಗೆ ಬದಲಿಸಿ, ಒಂದು ಪ್ರತಿಯನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಹುಡುಕಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರವೇ ಮೊದಲು ಬರಬೇಕು. ಜಾಗ ಅದಲುಬದಲಾಗುವುದು ಇಲ್ಲೇ.

ವರ್ಡ್‌ಪ್ರೆಸ್ ಬ್ಲಾಗಿನಲ್ಲಿ ಬರೆಯುವವರು ಲೇಖನಗಳನ್ನು ದಿನಾಂಕ ಕೊಟ್ಟು ಸಾಲಾಗಿ ಇಟ್ಟು ಹೋಗಬಹುದು. ಮೊದಲು ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಟೈಮ್‌ಜೋನ್ ಕೋಲ್ಕತಾ (ಅಂದರೆ ಭಾರತದ ಸಮಯ) ಎಂದಿದೆಯೇ ನೋಡಿ. ಅದು ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ ಯುಟಿಸಿಯಲ್ಲೇ ಉಳಿದಿದ್ದರೆ ಬೆಳಿಗ್ಗೆ 6ಕ್ಕೆ ಇಟ್ಟ ಲೇಖನ ಹೊರಬೀಳುವುದು ನಮ್ಮ 11.30ಕ್ಕೆ. ಮತ್ತೂ ಒಂದು ತೊಡಕಿದೆ. ಯಾರಾದರೂ ತಾಣಕ್ಕೆ ಬಂದಾಗಲೇ ವರ್ಡ್‌ಪ್ರೆಸ್ ತನ್ನ ಗಡಿಯಾರ ನೋಡಿಕೊಳ್ಳುವುದು. ಓದುಗರು ಕಡಿಮೆ ಇರುವ ತಾಣದಲ್ಲಿ ಲೇಖನ ತಡವಾಗುತ್ತದೆ, ಕೆಲವೊಮ್ಮೆ ‘ಮಿಸ್ಡ್ ಶೆಡ್ಯೂಲ್’ ಎಂದು ಹಾಗೇ ಬಿದ್ದಿರುತ್ತದೆ. ಎರಡು ಸಾಲಿನದೊಂದು ಬರಹವನ್ನು ಹತ್ತು ನಿಮಿಷ ಮುಂದಕ್ಕೆ ಇಟ್ಟು ಪರೀಕ್ಷಿಸಿ.

ಕಥೆ, ಕಾದಂಬರಿಯ ಮಾತು ಬೇರೆ. ಅಧ್ಯಾಯ ಮುಗಿಸಿಯೇ ಹೊರಡುತ್ತೇನೆಂದು ಹಟ ಹಿಡಿಯಬೇಡಿ. ಮುಗಿದ ಅಧ್ಯಾಯದಿಂದ ಮುಂದಕ್ಕೆ ಹೋಗಲು ವಾಪಸಾದ ಮೇಲೆ ದಾರಿಯೇ ಸಿಗುವುದಿಲ್ಲ. ಮುಂದೇನಾಗುತ್ತದೆ ಎಂದು ಗೊತ್ತಿರುವಾಗಲೇ, ಸನ್ನಿವೇಶದ ನಡುವೆ ನಿಲ್ಲಿಸಿ. ಆಮೇಲೆ ಅರ್ಧ ಹಾಳೆಯಲ್ಲಿ ಇಷ್ಟು ಬರೆದಿಡಿ: ಈಗ ಯಾರ ಕಣ್ಣಿನಿಂದ ಕಥೆ ನಡೆಯುತ್ತಿದೆ, ಕಥೆಯೊಳಗೆ ಯಾವ ತಿಂಗಳು, ಎಷ್ಟು ಹೊತ್ತು, ಮುಂದಿನ ಎರಡು ಘಟನೆ ಯಾವುವು, ಯಾವ ಪಾತ್ರಕ್ಕೆ ಯಾವ ಸಂಗತಿ ಇನ್ನೂ ತಿಳಿದಿಲ್ಲ. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಮರಳಿ ಬಂದು ಬರೆಯುವಾಗ, ಗುಟ್ಟು ತಿಳಿಯದ ಪಾತ್ರ ತಿಳಿದವರಂತೆ ಮಾತಾಡಿಬಿಡುತ್ತದೆ.

ಪಾತ್ರಗಳ ಆಡುಮಾತಿಗೂ ಇದೇ ಅಪಾಯ. ಕಥೆಯ ಅಜ್ಜಿ ಧಾರವಾಡದವಳು, ನೀವು ನಾಲ್ಕು ದಿನ ಕುಂದಾಪುರದ ಕಡೆ ಇದ್ದು ಬಂದಿರಿ ಅನ್ನಿ. ಕಿವಿಯಲ್ಲಿ ಕುಂದಗನ್ನಡ ಗುಂಯ್ಗುಡುತ್ತಿರುತ್ತದೆ, ಅಜ್ಜಿಯ ‘ಹೌದಲ್ಲೋ’ ಪೇಚಾಡತೊಡಗುತ್ತದೆ. ಹೊರಡುವ ಮೊದಲು ಅವಳು ಈಗಾಗಲೇ ಆಡಿರುವ ಹತ್ತು ಮಾತುಗಳನ್ನು ಅದೇ ಹಾಳೆಯ ಹಿಂದೆ ಬರೆದಿಟ್ಟುಕೊಳ್ಳಿ.

ದಾರಿಯಲ್ಲಿ ಏನನ್ನೂ ಬರೆಯಕೂಡದೆಂದಲ್ಲ. ಟಿಪ್ಪಣಿ ಬೇರೆ, ಬರವಣಿಗೆ ಬೇರೆ. ಜೇಬಿಗೆ ಹಿಡಿಯುವ ಪುಸ್ತಕದಲ್ಲಿ ದಿನಕ್ಕೆ ಮೂರು ಸಾಲು ಸಾಕು: ಕಿವಿಗೆ ಬಿದ್ದ ಒಂದು ಮಾತು, ಒಂದು ವಸ್ತುವಿನ ಹೆಸರು, ಒಂದು ಬೆಲೆ ಅಥವಾ ಅಳತೆ. ವಾಕ್ಯ ಚೆಂದ ಮಾಡಲು ಹೋಗಬೇಡಿ. ಆಮೇಲೆ ಆ ವಾಕ್ಯವೇ ಉಳಿದು ಕಂಡದ್ದು ಮರೆಯುತ್ತದೆ. ಮಳೆಗಾಲದ ಮಲೆನಾಡಿಗಾದರೆ ಜೆಲ್ ಪೆನ್ನು ಬೇಡ, ಅದರ ಶಾಯಿ ಹೆಚ್ಚಾಗಿ ನೀರಿನದು, ಒದ್ದೆಯಾದರೆ ಹರಡುತ್ತದೆ. ಬಾಲ್ ಪೆನ್ನು ಇಲ್ಲವೇ ಪೆನ್ಸಿಲ್ ಒಯ್ಯಿರಿ. ಊರಿನ ಬೋರ್ಡು, ಹೋಟೆಲಿನ ದರಪಟ್ಟಿಯನ್ನು ಬರೆದುಕೊಳ್ಳುವ ಬದಲು ಫೋಟೊ ತೆಗೆಯಿರಿ, ದಿನಾಂಕವೂ ಅದರೊಳಗೇ ಇರುತ್ತದೆ. ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಂತೂ ಪುಸ್ತಕ, ಫೋನು ಎರಡೂ ಒಳಗಿರಲಿ. ಕಣ್ಣು ಅಲುಗದ ಪುಟ ನೋಡುತ್ತಿದ್ದು ಕಿವಿಯ ಒಳಭಾಗಕ್ಕೆ ತಿರುವು ತಿಳಿಯುತ್ತಿದ್ದರೆ ಹೊಟ್ಟೆ ತೊಳಸುತ್ತದೆ. ನಿಮಗಾಗಿ ಗಾಡಿ ನಿಲ್ಲಿಸಬೇಕಾಗುತ್ತದೆ.

ಬರೆಯಲೇಬೇಕಾದ ಕೆಲಸ ಅಂಟಿಕೊಂಡೇ ಬಂದಿದ್ದರೆ ಅದಕ್ಕೆ ಬೆಳಗಿನ ಜಾವ ಒಳ್ಳೆಯದು. ಐದೂವರೆಯಿಂದ ಆರೂಕಾಲು, ರೂಮಿನ ಹೊರಗೆ, ರಿಸೆಪ್ಷನ್ನಿನ ಕುರ್ಚಿಯಲ್ಲಿ. ಬಿಸಿನೀರಿಗೆ ಸರದಿ ಶುರುವಾಗುವ ಹೊತ್ತಿಗೆ ಮುಗಿದಿರಬೇಕು. ಈ ಮುಕ್ಕಾಲು ಗಂಟೆಯ ವಿಷಯ ಮನೆಯವರಿಗೆ ಹಿಂದಿನ ದಿನವೇ ಗೊತ್ತಿರಲಿ. ಹಗಲಿನಲ್ಲಿ ‘ಐದು ನಿಮಿಷ’ ಎಂದು ಕದಿಯುವುದಕ್ಕಿಂತ ಇದು ಯಾರಿಗೂ ನೋವಿಲ್ಲದ್ದು.

ಊರಿಗೆ ಮರಳಿದ ದಿನ ಬಟ್ಟೆ ಒಗೆಯುವುದೇ ಇರುತ್ತದೆ, ಬರೆಯಲು ಕೂರಬೇಡಿ. ಟಿಪ್ಪಣಿಯನ್ನು ಮಾತ್ರ ಎರಡು ದಿನದೊಳಗೆ ಬಿಡಿಸಿ ಬರೆಯಿರಿ. ತಡವಾದರೆ ‘ಗೇಟು, ನೀಲಿ, ಅತ್ತೆ ನಕ್ಕದ್ದು’ ಎಂದರೇನೆಂದು ನಿಮಗೇ ತಿಳಿಯುವುದಿಲ್ಲ. ಮೂರನೆಯ ದಿನ ಅರ್ಧ ಹಾಳೆ ಓದಿ, ಕೊನೆಯ ಎರಡು ಪುಟವನ್ನು ಗಟ್ಟಿಯಾಗಿ ಓದಿ, ಕೊನೆಯ ಪ್ಯಾರಾವನ್ನು ಮತ್ತೆ ಟೈಪ್ ಮಾಡಿ. ಅಲ್ಲಿಂದ ಇಪ್ಪತ್ತು ನಿಮಿಷ ಮುಂದಕ್ಕೆ ಬರೆದು ಎದ್ದುಬಿಡಿ. ಮೊದಲ ಅಧ್ಯಾಯ ತೆರೆದು ತಿದ್ದಲು ಕೈ ತುರಿಸುತ್ತದೆ. ರಜೆಯ ನಂತರ ಹಸ್ತಪ್ರತಿಗಳು ನಿಂತುಹೋಗುವುದು ಬಹುಪಾಲು ಈ ತಿದ್ದುಪಡಿಯಲ್ಲೇ; ಕನಿಷ್ಠ ಒಂದು ವಾರ ಆ ಕಡತ ಮುಚ್ಚಿರಲಿ.